ಅಗೆಯುವ ಮುನ್ನ ಹುಡುಕುವ ಕೂಲಿ ಯಾರು ಕೊಡಬೇಕು?

ಬೆಳಗಾವಿಯ ಹಳೆಯ ಬಡಾವಣೆಗಳಲ್ಲಿ ಒಂದೆರಡು ಮೀಟರ್ ಅಗೆದರೆ ಊರು ಬೆಳೆದ ರೀತಿಯೇ ಕಣ್ಣಿಗೆ ಬೀಳುತ್ತದೆ. ಟಿಳಕವಾಡಿಯಲ್ಲೋ ಶಹಾಪುರದಲ್ಲೋ ಆದರೆ ಇನ್ನೂ ಚೆನ್ನಾಗಿ. ರಾಕಸಕೊಪ್ಪ ಜಲಾಶಯದ ನೀರನ್ನೇ ನಂಬಿಕೊಂಡಿದ್ದ ಕಾಲದ ಬೀಡು ಕಬ್ಬಿಣದ ಪೈಪ್ ಇರುತ್ತದೆ. ಹಿಡಕಲ್ ಜಲಾಶಯದ ನೀರು ಸೇರಿದ ಮೇಲೆ ಹಾಕಿದ ಲೈನ್ ಇರುತ್ತದೆ. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಅದು ಈಗ ಇಡೀ ಊರಿಗೆ ಹರಡುತ್ತಿರುವುದರಿಂದ ಹೊಸ ಪ್ಲಾಸ್ಟಿಕ್ ಪೈಪ್‌ಗಳೂ ಬಂದಿವೆ. 2016ರ ಜನವರಿಯಲ್ಲಿ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಬೆಳಗಾವಿಯ ಹೆಸರು ಬಂತಲ್ವಾ, ಆಮೇಲೆ ರಸ್ತೆ ಪಕ್ಕದಲ್ಲಿ ಕೇಬಲ್ ಎಳೆಯುವ ಕೊಳವೆಗಳಾದ ಡಕ್ಟ್‌ಗಳೂ ಸೇರಿಕೊಂಡವು. ಇದರ ಜೊತೆ ಒಳಚರಂಡಿ, ವಿದ್ಯುತ್ ಕಂಪನಿ ಹೆಸ್ಕಾಂನ ಕೇಬಲ್, ಬೀದಿ ದೀಪದ ಕೇಬಲ್, ಹಲವು ಕಂಪನಿಗಳ ಇಂಟರ್ನೆಟ್ ಫೈಬರ್. ಈಗೀಗ ಮನೆಮನೆಗೆ ಬರುತ್ತಿರುವ ಅಡುಗೆ ಅನಿಲದ ಪೈಪ್.

ಇವನ್ನೆಲ್ಲ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಹೂತಿದ್ದಾರೆ. ಒಬ್ಬರ ನಕ್ಷೆ ಇನ್ನೊಬ್ಬರ ಕಪಾಟಿನಲ್ಲಿ ಇರುವುದಿಲ್ಲ. ಕ್ಯಾಂಪ್ ಕಡೆ ಹೋದರೆ ಪಾಲಿಕೆಯ ಬದಲು ಕಂಟೋನ್ಮೆಂಟ್ ಬೋರ್ಡ್ ಬರುತ್ತದೆ, ಸೇನೆಯ ಲೈನ್‌ಗಳು ಬೇರೆ. ಊರ ಹೊರಗೆ ಹೋದರೆ ದಾಭೋಳದಿಂದ ಬೆಂಗಳೂರಿಗೆ ಹೋಗುವ ದೊಡ್ಡ ಅನಿಲ ಕೊಳವೆ ಇದೇ ಜಿಲ್ಲೆಯ ಹೊಲಗಳ ಕೆಳಗೆ ಹಾದುಹೋಗಿದೆ. ಇಷ್ಟರ ನಡುವೆ ಬಕೆಟ್ ಇಳಿಸುವವನು ಜೆಸಿಬಿ ಆಪರೇಟರ್. ಅವನ ಪಕ್ಕ ನಿಂತ ಮುಕಾದಮ, ಅಂದರೆ ಕೂಲಿ ತಂಡದ ಮುಖ್ಯಸ್ಥ, ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಇಲ್ಲೇನೂ ಇಲ್ಲಪಾ, ಹೊಡಿ."

ನೆಲದಡಿಯ ಪೈಪು ಕೇಬಲ್ಲುಗಳನ್ನು ಅಗೆಯುವ ಮುಂಚೆಯೇ ಪತ್ತೆ ಹಚ್ಚಲು ಕಾರ್ಮಿಕರಿಗೆ ತರಬೇತಿ ಕೊಡಬೇಕು ಎಂದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಆ ತರಬೇತಿಯಲ್ಲಿ ಏನು ಇರಬೇಕು, ಯಾರಿಗೆ ಕೊಡಬೇಕು, ಕಲಿತದ್ದನ್ನು ಬಳಸಲು ಅವರಿಗೆ ಸಮಯ ಯಾರು ಕೊಡುತ್ತಾರೆ ಎಂಬಲ್ಲಿ ಮಾತು ನಿಂತುಹೋಗುತ್ತದೆ. ನನ್ನ ಪ್ರಕಾರ ಮೂರನೆಯ ಪ್ರಶ್ನೆಯೇ ದೊಡ್ಡದು. ಅದಕ್ಕೆ ಆಮೇಲೆ ಬರುತ್ತೇನೆ.

ಕೇಂದ್ರ ದೂರಸಂಪರ್ಕ ಇಲಾಖೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಫೈಬರ್ ತುಂಡಾಗುತ್ತದೆ. ಹೊಂದಾಣಿಕೆ ಇಲ್ಲದ ಅಗೆತದಿಂದ ಆಗುವ ನಷ್ಟ ಸುಮಾರು 3,000 ಕೋಟಿ ರೂಪಾಯಿ. ಇದನ್ನು ತಡೆಯಲೆಂದೇ 2023ರ ಮಾರ್ಚ್ 22ರಂದು 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ಬಿಡುಗಡೆಯಾಯಿತು. ಅದೇ ವರ್ಷದ ಆರಂಭದಲ್ಲಿ ನಿಯಮವೂ ಬಂದಿತ್ತು. ಅಗೆಯುವವರು ಮೊದಲೇ ಪೋರ್ಟಲ್‌ನಲ್ಲಿ ತಿಳಿಸಬೇಕು, ಹಾನಿ ಮಾಡಿದರೆ ಪರಿಹಾರ ಕಟ್ಟಬೇಕು ಎಂಬುದು ಅದರ ಸಾರ. ಅಗೆಯುವವರು ಜಾಗ ಗುರುತಿಸಿ ಕೋರಿಕೆ ಹಾಕುತ್ತಾರೆ. ಅಲ್ಲಿ ಆಸ್ತಿ ಇರುವ ಸಂಸ್ಥೆಗಳಿಗೆ ಸಂದೇಶ ಹೋಗುತ್ತದೆ. ಅವರು ಉತ್ತರ ಕೊಡುತ್ತಾರೆ.

ಒಳ್ಳೆಯದೇ. ಆದರೆ ಈ ಆ್ಯಪ್‌ನಿಂದ ಸಿಗುವುದು ಮುಖ್ಯವಾಗಿ ಯಾರನ್ನು ಕೇಳಬೇಕು ಎಂಬ ಮಾಹಿತಿ. ಬಕೆಟ್ಟಿನ ಹಲ್ಲಿಗೂ ಕೇಬಲ್ಲಿಗೂ ನಡುವೆ ಎಷ್ಟು ಇಂಚು ಇದೆ ಎಂಬುದು ಅದರಲ್ಲಿ ಬರುವುದಿಲ್ಲ. ನಕ್ಷೆಯಲ್ಲಿ ಗೆರೆ ನೇರವಾಗಿರುತ್ತದೆ. ನೆಲದಲ್ಲಿ ಒಂದು ದೊಡ್ಡ ಬೇರು ಸಿಕ್ಕಿತು ಎಂದು ಅದು ಪಕ್ಕಕ್ಕೆ ಸರಿದಿರುತ್ತದೆ. ಬಂಡೆ ಸಿಕ್ಕಿತು ಎಂದು ಮೇಲೆ ಬಂದಿರುತ್ತದೆ.

ಆಳದ ವಿಚಾರವೂ ಹೀಗೆಯೇ. ವಿದ್ಯುತ್ ಕೇಬಲ್ ಹಾಕಲು ಭಾರತೀಯ ಮಾನಕ 1255 ಇದೆ. ಅದರ ಪ್ರಕಾರ ಕಡಿಮೆ ವೋಲ್ಟೇಜಿನ ಕೇಬಲ್ 75 ಸೆಂಟಿಮೀಟರ್, 11 ಕೆವಿ ಕೇಬಲ್ 90 ಸೆಂಟಿಮೀಟರ್, 33 ಕೆವಿಯದು 1.05 ಮೀಟರ್ ಆಳದಲ್ಲಿ ಇರಬೇಕು. ಅಡುಗೆ ಅನಿಲದ ಪೈಪಿಗೆ ಸಾಮಾನ್ಯವಾಗಿ ಒಂದು ಮೀಟರ್ ಮಣ್ಣಿನ ಹೊದಿಕೆ ಬೇಕು. ಈ ಅಂಕಿಗಳನ್ನು ತರಬೇತಿಯಲ್ಲಿ ಬಾಯಿಪಾಠ ಮಾಡಿಸುವುದುಂಟು. ನನಗೆ ಅದರಲ್ಲೊಂದು ಭಯವಿದೆ. ಅಂಕಿ ಕಲಿತವನು ಅರ್ಧ ಮೀಟರಿನವರೆಗೆ ಯಂತ್ರ ಇಳಿಸಬಹುದು ಎಂದು ತಿಳಿದುಬಿಡುತ್ತಾನೆ. ಹಾಕಿದ ದಿನ 90 ಸೆಂಟಿಮೀಟರ್ ಇದ್ದದ್ದು ಇವತ್ತೂ ಅಷ್ಟೇ ಇದೆ ಎಂದು ಏನು ಖಾತ್ರಿ? ಹಳೆಯ ರಸ್ತೆ ಕೆತ್ತಿ ಕಾಂಕ್ರೀಟ್ ಹಾಕುವಾಗ ಮಟ್ಟ ಇಳಿದಿರುತ್ತದೆ. ಗಟಾರು ಕಟ್ಟುವಾಗ ಅಡ್ಡ ಬಂದ ಕೇಬಲ್ಲನ್ನು ಎತ್ತಿ ಗಟಾರಿನ ಮೇಲೆಯೇ ಮಲಗಿಸಿ ಮಣ್ಣು ಮುಚ್ಚಿರುತ್ತಾರೆ. ಆಳದ ಮಾನಕ ಪೈಪು ಹಾಕುವವನಿಗೆ. ಅಗೆಯುವವನು ಮಾತ್ರ ಎಷ್ಟು ಆಳದಲ್ಲೂ ಏನಾದರೂ ಸಿಗಬಹುದು ಎಂದುಕೊಂಡೇ ಕೈ ಹಾಕಬೇಕು.

ಯಂತ್ರಕ್ಕೆ ಕಾಣದ್ದು

ಕೇಬಲ್ ಲೊಕೇಟರ್ ಎಂಬ ಉಪಕರಣದ ಮೇಲೆ ಜನರಿಗೆ ಅತಿಯಾದ ನಂಬಿಕೆ. ಬೀಪ್ ಅಂದರೆ ಇದೆ, ಸುಮ್ಮನಿದ್ದರೆ ಇಲ್ಲ ಎಂದು. ಅಪಾಯ ಇರುವುದು ಈ ಎರಡನೆಯ ಮಾತಿನಲ್ಲಿ.

ಲೊಕೇಟರ್ ಹುಡುಕುವುದು ಲೋಹದಲ್ಲಿ ಹರಿಯುವ ವಿದ್ಯುತ್ತಿನ ಸುತ್ತ ಹುಟ್ಟುವ ಕಾಂತಕ್ಷೇತ್ರವನ್ನು. ಅದರ 'ಪವರ್' ಮೋಡ್ ನಮ್ಮ 50 ಹರ್ಟ್ಜ್ ಕರೆಂಟಿನ ಸದ್ದು ಹಿಡಿಯುತ್ತದೆ. ಕೇಬಲ್ಲಿನಲ್ಲಿ ವೋಲ್ಟೇಜ್ ಇದ್ದರಷ್ಟೇ ಸಾಲದು, ಕರೆಂಟ್ ಹರಿಯಬೇಕು. ಈಗ ಬೀದಿ ದೀಪದ ಕೇಬಲ್ ಯೋಚಿಸಿ. ಹಗಲು ಹೊತ್ತಿನಲ್ಲಿ ದೀಪ ಆರಿರುತ್ತದೆ, ಕರೆಂಟ್ ಹರಿಯುವುದಿಲ್ಲ, ಲೊಕೇಟರ್ ಸುಮ್ಮನಿರುತ್ತದೆ. ನಮ್ಮ ಅಗೆತವೆಲ್ಲ ನಡೆಯುವುದು ಹಗಲಲ್ಲೇ ಅಲ್ವಾ? ಮೂರು ಫೇಸುಗಳಲ್ಲಿ ಲೋಡ್ ಸಮ ಇದ್ದರೆ ಒಂದರ ಕಾಂತಕ್ಷೇತ್ರ ಇನ್ನೊಂದನ್ನು ಕಳೆಯುತ್ತದೆ. ಹಾಗಾಗಿ ದೊಡ್ಡ ಕೇಬಲ್ಲೇ ಸಣ್ಣ ಸದ್ದು ಮಾಡಬಹುದು. ಹೆಚ್ಚು ಅಪಾಯದ್ದು ಹೆಚ್ಚು ಸದ್ದು ಮಾಡುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡನೆಯದು 'ರೇಡಿಯೊ' ಮೋಡ್. ದೂರದ ಪ್ರಸಾರ ಕೇಂದ್ರಗಳ ಅಲೆಗಳು ಉದ್ದನೆಯ ಲೋಹದ ಪೈಪು, ಕೇಬಲ್ಲುಗಳಲ್ಲಿ ಸ್ವಲ್ಪ ಕರೆಂಟ್ ಹುಟ್ಟಿಸುತ್ತವೆ. ಅದನ್ನು ಇದು ಹಿಡಿಯುತ್ತದೆ. ಮೂರನೆಯದು ಜನರೇಟರ್ ಬಳಸುವ ವಿಧಾನ. ಚಿಕ್ಕ ಪೆಟ್ಟಿಗೆಯೊಂದರಿಂದ ನಾವೇ ಸಿಗ್ನಲ್ ಕಳಿಸುತ್ತೇವೆ. ಲೋಹದ ವಾಲ್ವ್‌ಗೆ ನೇರ ಕ್ಲಿಪ್ ಹಾಕಬಹುದು, ಕೇಬಲ್ ಸುತ್ತ ಕ್ಲ್ಯಾಂಪ್ ಹಾಕಬಹುದು, ಅಥವಾ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಕೆಳಗಿನ ಲೈನಿಗೆ ಸಿಗ್ನಲ್ ದಾಟಿಸಬಹುದು. ಜಾಸ್ತಿ ನಂಬಬಹುದಾದದ್ದು ಇದೇ. ಆದರೆ ಇದಕ್ಕೆ ಹೊತ್ತು ಬೇಕು, ಒಂದಿಷ್ಟು ಪಳಗಿದ ಕೈಯೂ ಬೇಕು. ಸಮಯ ಉಳಿಸಲು ಹೆಚ್ಚಿನವರು ಪವರ್ ಮೋಡಿನಲ್ಲಿ ಒಂದು ಸುತ್ತು ಹಾಕಿ ಕೆಲಸ ಮುಗಿಸುತ್ತಾರೆ.

ಇಷ್ಟು ಮಾಡಿದರೂ ಪ್ಲಾಸ್ಟಿಕ್ ಕಾಣುವುದಿಲ್ಲ. ಹೊಸ ನೀರಿನ ಪೈಪ್ ಪ್ಲಾಸ್ಟಿಕ್. ಮನೆಗೆ ಬರುವ ಗ್ಯಾಸ್ ಪೈಪ್ ಪ್ಲಾಸ್ಟಿಕ್. ಫೈಬರ್ ಗಾಜು, ಅದರ ಡಕ್ಟ್ ಪ್ಲಾಸ್ಟಿಕ್. ಹಾಕುವಾಗ ಜೊತೆಗೊಂದು ತಾಮ್ರದ ತಂತಿ ಎಳೆದಿದ್ದರೆ ಪತ್ತೆ ಮಾಡಬಹುದು. ಇಲ್ಲದಿದ್ದರೆ ಇಲ್ಲ. ಅಂದರೆ ಬೆಳಗಾವಿಯ ನೆಲದಲ್ಲಿ ಈಗ ಹೊಸದಾಗಿ ಸೇರುತ್ತಿರುವ ಬಹುಪಾಲು ಈ ಉಪಕರಣಕ್ಕೆ ಕಾಣದಂಥದ್ದು. ಊರು ಹೊಸದಾದಷ್ಟೂ ಲೊಕೇಟರ್ ಕುರುಡಾಗುತ್ತಿದೆ.

ಹಾಗಾದರೆ ನೆಲ ನೋಡುವ ರಾಡಾರ್ ತರೋಣ ಎನ್ನುತ್ತಾರೆ. ತಳ್ಳುಗಾಡಿಯಂತಹ ಯಂತ್ರ, ರೇಡಿಯೊ ಅಲೆ ಕೆಳಗೆ ಕಳಿಸಿ ಮರಳಿ ಬಂದದ್ದನ್ನು ಓದುತ್ತದೆ. ಪ್ಲಾಸ್ಟಿಕ್ಕೂ ಕಾಣುತ್ತದೆ. ಆದರೆ ಇದು ಮಣ್ಣಿನ ಮರ್ಜಿಯಲ್ಲಿ ನಡೆಯುವ ಯಂತ್ರ. ಒಣ ಮರಳಿನಲ್ಲಿ ಚೆನ್ನಾಗಿ ಓದುತ್ತದೆ. ಹಸಿ ಜೇಡಿಯಲ್ಲಿ ಅಲೆಗಳು ಅಲ್ಲೇ ಇಂಗಿಹೋಗುತ್ತವೆ, ಒಂದು ಮೀಟರ್ ಕೂಡ ದಾಟದಿರಬಹುದು. ನಮ್ಮ ಜಿಲ್ಲೆಯಲ್ಲಿ ಖಾನಾಪುರದ ಕಡೆ ಕೆಂಪು ಜಂಬಿಟ್ಟಿಗೆ ಮಣ್ಣು, ಬೈಲಹೊಂಗಲ, ಸವದತ್ತಿ ಕಡೆ ಎರೆ, ಅಂದರೆ ಕಪ್ಪು ಜೇಡಿ ಮಣ್ಣು. ಜಂಬಿಟ್ಟಿಗೆಯಲ್ಲಿ ಕಲ್ಲಿನ ಉಂಡೆಗಳೂ ಪೈಪಿನ ಹಾಗೆ ಕಂಡು ದಾರಿ ತಪ್ಪಿಸುತ್ತವೆ. ಎರೆಯಲ್ಲಿ, ಅದೂ ಮಳೆ ಬಿದ್ದ ಮೇಲೆ, ರಾಡಾರ್ ಬಾಡಿಗೆ ದಂಡ. ಬೇರೆ ಊರಿನ ಒಣ ಮಣ್ಣಿನಲ್ಲಿ ತೋರಿಸಿದ ಪ್ರಾತ್ಯಕ್ಷಿಕೆ ನೋಡಿ ಖರೀದಿ ಮಾಡುವ ಮೊದಲು ಒಮ್ಮೆ ಸವದತ್ತಿಯ ಹೊಲದಲ್ಲಿ ಅದನ್ನು ಉರುಳಿಸಿ ನೋಡಬೇಕು.

ಅಂದಮಾತ್ರಕ್ಕೆ ಯಂತ್ರ ಬೇಡ ಎಂದಲ್ಲ. ಯಾವುದು ಕಾಣುವುದಿಲ್ಲ ಎಂಬುದನ್ನು ಮೊದಲ ಪಾಠವಾಗಿ ಕಲಿಸಬೇಕು, ಅಷ್ಟೇ. ಬಟನ್ ಒತ್ತುವುದನ್ನು ಕಲಿಸುವುದು ಅರ್ಧ ಗಂಟೆಯ ಕೆಲಸ.

ನೆಲ ಓದುವುದು

ಇದಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ಕಣ್ಣಿಗೆ. ರಸ್ತೆಯ ಮೇಲೆ ವಾಲ್ವ್ ಮುಚ್ಚಳ ಒಂದು ಕಂಡರೆ ಇನ್ನೊಂದು ಎಲ್ಲಿದೆ ನೋಡಿ. ಎರಡರ ನಡುವೆ ಲೈನ್ ಇದೆ. ಡಾಂಬರಿನಲ್ಲಿ ಬಣ್ಣ ಬೇರೆಯಾದ ಉದ್ದನೆಯ ಪಟ್ಟಿ ಕಂಡರೆ ಯಾರೋ ಮೊದಲೇ ಅಗೆದಿದ್ದಾರೆ. ವಿದ್ಯುತ್ ಕಂಬದ ಬುಡದಲ್ಲಿ ಪೈಪಿನೊಳಗೆ ಕೇಬಲ್ ಇಳಿದಿದ್ದರೆ ಅದು ಎಲ್ಲೋ ಹೋಗಲೇಬೇಕು. ಗೋಡೆಯ ಮೇಲೆ ಗ್ಯಾಸ್ ಮೀಟರ್ ಇದ್ದರೆ ಅದರ ಕೆಳಗಿನಿಂದ ರಸ್ತೆಗೆ ಒಂದು ಪೈಪ್ ಹೊರಟಿದೆ. ಹಳದಿ ಗುರುತುಕಲ್ಲು, ಕಂಪನಿಯ ಫಲಕ, ಮ್ಯಾನ್‌ಹೋಲ್ ಮುಚ್ಚಳದ ಮೇಲಿನ ಅಕ್ಷರ, ಎಲ್ಲವೂ ಸುಳಿವೇ.

ಅಗೆಯಲು ಶುರುವಾದ ಮೇಲೆ ಮಣ್ಣೂ ಮಾತಾಡುತ್ತದೆ. ಕೆಂಪು ಗಟ್ಟಿ ನೆಲದ ನಡುವೆ ಇದ್ದಕ್ಕಿದ್ದಂತೆ ಸಡಿಲ ಮಣ್ಣು ಬಂದರೆ, ಮರಳು ಬಂದರೆ, ಸಾಲಾಗಿ ಇಟ್ಟ ಇಟ್ಟಿಗೆ ಬಂದರೆ, ಬಣ್ಣದ ಎಚ್ಚರಿಕೆ ಟೇಪಿನ ತುಂಡು ಬಂದರೆ ಅಲ್ಲೇ ಕೈ ನಿಲ್ಲಬೇಕು. ಕೇಬಲ್ಲಿನ ಮೇಲೆ ಮರಳು ಹಾಕಿ ಇಟ್ಟಿಗೆ ಹೊದಿಸುವುದೇ ಪದ್ಧತಿ. ಜೆಸಿಬಿ ಸೀಟಿನಿಂದ ಇದು ಕಾಣುವುದಿಲ್ಲ. ತಗ್ಗಿನ ಪಕ್ಕ ನಿಂತು ನೋಡುವ ಒಬ್ಬ ಬೇಕು. ಆಪರೇಟರಿಗೆ ಕೈ ಸನ್ನೆ ಮಾಡುವುದೊಂದೇ ಅವನ ಕೆಲಸ. ಅವನಿಗೆ ಬುಟ್ಟಿ ಹೊರಿಸಬಾರದು.

ಬಣ್ಣದ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ನೆಲದ ಮೇಲೆ ಗುರುತು ಬಳಿಯಲು ಒಂದೇ ಪದ್ಧತಿ ಇದೆ. ಕೆಂಪು ಕರೆಂಟಿಗೆ, ಹಳದಿ ಗ್ಯಾಸಿಗೆ, ನೀಲಿ ಕುಡಿಯುವ ನೀರಿಗೆ, ಹಸಿರು ಒಳಚರಂಡಿಗೆ, ಕಿತ್ತಳೆ ಟೆಲಿಫೋನಿಗೆ. ಇದನ್ನು ಇಲ್ಲಿಯ ಪಾಠದಲ್ಲಿ ಹಾಗೇ ಇಳಿಸಿದರೆ ಎಡವಟ್ಟಾಗುತ್ತದೆ. ನಮ್ಮಲ್ಲಿ ಗ್ಯಾಸಿನ ಪ್ಲಾಸ್ಟಿಕ್ ಪೈಪ್ ಹಳದಿಯೂ ಇರಬಹುದು, ಕಿತ್ತಳೆಯೂ ಇರಬಹುದು. ಫೈಬರಿನ ಡಕ್ಟೂ ಕಿತ್ತಳೆ ಬಣ್ಣದಲ್ಲಿ ಬರುತ್ತದೆ. ಕಿತ್ತಳೆ ಕಂಡಿತು, ಕೇಬಲ್ ಡಕ್ಟ್ ಇರಬೇಕು, ಹಳೆಯದು, ಕತ್ತರಿಸು ಎಂದವನ ಕೈಯಲ್ಲಿ ಗ್ಯಾಸ್ ಪೈಪ್ ಇರಬಹುದು. ಅದರ ಮೇಲೆ ಅಚ್ಚಾದ ಅಕ್ಷರ ಓದಬೇಕು, ಓದಲು ಬಾರದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಎಂಜಿನಿಯರಿಗೆ ಕಳಿಸಬೇಕು.

ಇನ್ನೊಂದು ನಕ್ಷೆ ಇದೆ, ಅದು ಯಾವ ಪೋರ್ಟಲ್‌ನಲ್ಲೂ ಇಲ್ಲ. ವಾರ್ಡಿನಲ್ಲಿ ನೀರು ಬಿಡುವ ವಾಲ್ವ್‌ಮನ್, ಹಳೆಯ ಲೈನ್‌ಮನ್, ಒಳಚರಂಡಿ ಕೆಲಸದ ಮೇಸ್ತ್ರಿ ಇವರ ತಲೆಯಲ್ಲಿ ಅದಿದೆ. ಎಲ್ಲಿ ಪೈಪ್ ಕವಲೊಡೆದಿದೆ, ಯಾವ ಲೈನ್ ಬಂದ್ ಆಗಿದೆ, ಯಾವುದು ಬಂದ್ ಆಗಿದೆ ಎಂದು ಬರೆದಿದ್ದರೂ ಇನ್ನೂ ನೀರಿದೆ, ಎಲ್ಲ ಗೊತ್ತು. ಇವರು ಒಬ್ಬೊಬ್ಬರಾಗಿ ನಿವೃತ್ತಿಯಾಗುತ್ತಿದ್ದಾರೆ. ತರಬೇತಿ ಕೊಡುವವರನ್ನು ಎಲ್ಲಿಂದಲೋ ಕರೆಸುವ ಬದಲು ಇವರಲ್ಲಿ ಕೆಲವರಿಗೆ ಗೌರವಧನ ಕೊಟ್ಟು ಕೂರಿಸಿಕೊಂಡರೆ ಕಲಿಸುವವರೂ ಸಿಕ್ಕರು, ನಕ್ಷೆಯೂ ಸಿಕ್ಕಿತು.

ಹುಡುಕಿದ ಮೇಲೂ ಖಾತ್ರಿ ಆಗುವುದು ಕಣ್ಣಾರೆ ಕಂಡಾಗಲೇ. ಅದಕ್ಕೆ ಟ್ರಯಲ್ ಪಿಟ್ ಬೇಕು. ಲೈನ್ ಇದೆ ಎಂದು ಅನುಮಾನ ಇರುವಲ್ಲಿ ಸಣ್ಣ ತಗ್ಗು ಕೈಯಿಂದ ತೋಡಿ ನೋಡುವುದು. ಬ್ರಿಟನ್ನಿನಲ್ಲಿ ಗುರುತಿಸಿದ ಲೈನಿನಿಂದ ಅರ್ಧ ಮೀಟರ್ ಒಳಗೆ ಯಂತ್ರ ತರಬಾರದು ಎಂಬ ಪದ್ಧತಿ ಇದೆ. ಇಲ್ಲಿಯೂ ಅಷ್ಟಾದರೂ ಬಿಡಬೇಕು. ಹಾರೆ, ಪಿಕಾಸಿ ಇವು ಮೊನೆಯಿಂದ ಪೆಟ್ಟು ಕೊಡುತ್ತವೆ, ಅವನ್ನು ದೂರ ಇಡಬೇಕು. ಸಲಿಕೆಯಿಂದ ಪಕ್ಕದಿಂದ ಮಣ್ಣು ಸರಿಸುತ್ತ ಲೈನಿನ ಕಡೆ ಬರಬೇಕು, ಮೇಲಿನಿಂದ ಕುಟ್ಟುತ್ತ ಇಳಿಯಬಾರದು. ಇದನ್ನು ಗೋಡೆಯ ಚಿತ್ರದಲ್ಲಿ ತೋರಿಸಿದರೆ ಯಾರಿಗೂ ಬರುವುದಿಲ್ಲ. ಐಟಿಐ ಅಥವಾ ಪಾಲಿಟೆಕ್ನಿಕ್ ಮೈದಾನದ ಒಂದು ಮೂಲೆಯಲ್ಲಿ ಹಳೆಯ ಪೈಪು, ಹಳೆಯ ಕೇಬಲ್ಲುಗಳನ್ನು ಬೇರೆ ಬೇರೆ ಆಳದಲ್ಲಿ ಹೂತು, ಹುಡುಕಿ ತೆಗೆಯಿರಿ ಎನ್ನಬೇಕು. ಒಂದು ಬಾರಿ ತುಂಡು ಮಾಡಲಿ, ಪರವಾಗಿಲ್ಲ. ಅಲ್ಲಿ ತುಂಡಾದರೆ ಯಾರೂ ಸಾಯುವುದಿಲ್ಲ.

ಪೆಟ್ಟು ಬಿದ್ದಾಗ ಏನು ಮಾಡಬೇಕು ಎಂಬುದನ್ನೂ ಅಲ್ಲೇ ಅಭ್ಯಾಸ ಮಾಡಿಸಬೇಕು, ಏಕೆಂದರೆ ಆ ಗಳಿಗೆಯಲ್ಲಿ ಸಹಜವಾಗಿ ತೋಚುವುದೆಲ್ಲ ತಪ್ಪು. ಬಕೆಟ್ ಲೈವ್ ಕೇಬಲ್ಲಿಗೆ ತಾಗಿದರೆ ಆಪರೇಟರ್ ಕೆಳಗೆ ಹಾರಿ ಓಡಲು ನೋಡುತ್ತಾನೆ. ಕ್ಯಾಬಿನ್ನಿನಲ್ಲೇ ಕೂರಬೇಕು, ಯಾರೂ ಯಂತ್ರ ಮುಟ್ಟಬಾರದು, ಹೆಸ್ಕಾಂ ಲೈನ್ ಬಂದ್ ಮಾಡುವವರೆಗೆ ಕಾಯಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಎರಡೂ ಕಾಲು ಜೋಡಿಸಿ ಹಾರಬೇಕು, ಯಂತ್ರವನ್ನೂ ನೆಲವನ್ನೂ ಒಟ್ಟಿಗೆ ಮುಟ್ಟಬಾರದು. ಆಮೇಲೆ ಪಾದಗಳನ್ನು ಅಗಲಿಸದೆ ಕುಪ್ಪಳಿಸುತ್ತಲೋ ಜರುಗುತ್ತಲೋ ದೂರ ಹೋಗಬೇಕು. ನೆಲದಲ್ಲೂ ಕರೆಂಟ್ ಹರಡಿರುತ್ತದೆ, ದೊಡ್ಡ ಹೆಜ್ಜೆ ಇಟ್ಟರೆ ಎರಡು ಕಾಲುಗಳ ನಡುವಿನ ವೋಲ್ಟೇಜ್ ಕೊಲ್ಲಬಹುದು.

ಗ್ಯಾಸ್ ಪೈಪ್ ಸೀಳಿದರೆ ಮಣ್ಣು ಹಾಕಿ ಮುಚ್ಚಲು ಹೋಗುತ್ತಾರೆ. ಮುಚ್ಚಿದ ಗ್ಯಾಸ್ ಮೇಲೆ ಹೋಗಲಾರದೆ ಹಳೆಯ ತಗ್ಗು, ಗಟಾರು, ಡಕ್ಟುಗಳ ದಾರಿ ಹಿಡಿದು ಯಾರದೋ ಅಡುಗೆ ಮನೆ ಸೇರಬಹುದು. ಗಾಳಿಯಲ್ಲಿ ಶೇಕಡಾ 5ರಿಂದ 15ರವರೆಗೆ ಮೀಥೇನ್ ಇದ್ದರೆ ಒಂದು ಕಿಡಿ ಸಾಕು. ಅಲ್ಲಿ ಬೀಡಿ ಹಚ್ಚದೆ, ಮೊಬೈಲ್ ಬಳಸದೆ, ಎಂಜಿನ್ ಚಾಲು ಮಾಡದೆ ಗಾಳಿ ಬರುವ ದಿಕ್ಕಿಗೆ ದೂರ ಹೋಗಿ, ಅಕ್ಕಪಕ್ಕದ ಮನೆಯವರನ್ನು ಹೊರಗೆ ಕರೆದು, ಆಮೇಲೆ ದೂರದಿಂದಲೇ ಫೋನ್ ಮಾಡಬೇಕು.

ಎಲ್ಲಕ್ಕಿಂತ ಕಷ್ಟದ್ದು ಸಣ್ಣ ಗೀರು. ಪೈಪ್ ಒಡೆದಿಲ್ಲ, ಸ್ವಲ್ಪ ತರಚಿದೆ ಅಷ್ಟೇ. ಸುಮ್ನೆ ಮುಚ್ಚಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. 2004ರ ಜುಲೈ 30ರಂದು ಬೆಲ್ಜಿಯಂನ ಗಿಲೆಂಘಿಯನ್‌ನಲ್ಲಿ ಹೆಚ್ಚಿನ ಒತ್ತಡದ ಅನಿಲ ಕೊಳವೆ ಸಿಡಿದು 24 ಜನ ಸತ್ತರು. ಆ ಕೊಳವೆಗೆ ಹಿಂದಿನ ಕಾಮಗಾರಿಯಲ್ಲೇ ಯಂತ್ರ ತಾಗಿ ಪೆಟ್ಟಾಗಿತ್ತು. ನೀರಿನ ಪೈಪಿನ ಗೀರು ಇಷ್ಟು ಸದ್ದು ಮಾಡುವುದಿಲ್ಲ. ದಿನ ಬಿಟ್ಟು ದಿನ ನೀರು ಬರುವ ಕಡೆ, ನೀರು ನಿಂತ ಹೊತ್ತಿನಲ್ಲಿ ಆ ಸೀಳಿನಿಂದ ಗಟಾರಿನ ನೀರು ಒಳಗೆ ಹೋಗುತ್ತದೆ. ಕಾರ್ಮಿಕ ಇದನ್ನು ಬಾಯಿ ಬಿಟ್ಟು ಹೇಳಬೇಕಾದರೆ ಹೇಳಿದ್ದಕ್ಕೆ ಕೂಲಿ ಕತ್ತರಿಸುವುದಿಲ್ಲ ಎಂಬ ಭರವಸೆ ಬೇಕು. ಪಾಠ ಮಾಡುವವನು ಆ ಭರವಸೆ ಕೊಡಲಾರ. ಅದನ್ನು ಕೊಡಬೇಕಾದವನು ಗುತ್ತಿಗೆದಾರ, ಅವನು ತರಬೇತಿಗೆ ಬರುವುದೇ ಇಲ್ಲ.

ಮೀಟರಿಗೆ ಇಷ್ಟು

ಈಗ ಆ ಮೂರನೆಯ ಪ್ರಶ್ನೆ. ನಮ್ಮಲ್ಲಿ ಅಗೆತದ ಬಿಲ್ ಆಗುವುದು ಘನ ಮೀಟರ್ ಲೆಕ್ಕದಲ್ಲಿ. ಪೈಪ್ ಹಾಕುವ ತಂಡಕ್ಕೆ ಎಷ್ಟೋ ಕಡೆ ಮೀಟರಿಗೆ ಇಷ್ಟು ಎಂದು ಗುತ್ತಿಗೆ. ಜೆಸಿಬಿಗೆ ಗಂಟೆಗೆ ಬಾಡಿಗೆ. ಹುಡುಕುತ್ತ ಕಳೆದ ಎರಡು ಗಂಟೆಯಲ್ಲಿ ಒಂದು ಮೀಟರ್ ಕೂಡ ಮುಂದೆ ಹೋಗುವುದಿಲ್ಲ. ತಂಡಕ್ಕೆ ಕೂಲಿ ಇಲ್ಲ, ಮೇಲೆ ಯಂತ್ರದ ಬಾಡಿಗೆ ಏರುತ್ತಿರುತ್ತದೆ. ಇಂಥ ಲೆಕ್ಕದಲ್ಲಿ ಎಷ್ಟೇ ಒಳ್ಳೆಯ ತರಬೇತಿ ಪಡೆದವನೂ "ಇಲ್ಲೇನೂ ಇಲ್ಲಪಾ" ಎನ್ನುವ ಕಡೆಗೇ ವಾಲುತ್ತಾನೆ. ಅವನು ದಡ್ಡ ಎಂದಲ್ಲ, ಹಾಗೆ ಹೇಳಿದರೇ ಅವನ ಮನೆ ನಡೆಯುತ್ತದೆ.

ಅಮೆರಿಕದಲ್ಲಿ 2007ರಿಂದ 811 ಎಂಬ ಒಂದೇ ನಂಬರ್ ಇದೆ. ಅಗೆಯುವವನು ಕರೆ ಮಾಡಿದರೆ ಆಯಾ ಕಂಪನಿಯವರೇ ಬಂದು ನೆಲದ ಮೇಲೆ ಬಣ್ಣ ಬಳಿದು ಹೋಗುತ್ತಾರೆ. ಅಗೆಯುವವನಿಗೆ ಖರ್ಚಿಲ್ಲ. ನನಗೆ ಅಲ್ಲಿ ಮುಖ್ಯ ಅನಿಸುವುದು ನಂಬರಿಗಿಂತ ಈ ಖರ್ಚಿನ ವಿಷಯ. ಹೂತವನು ತೋರಿಸಬೇಕು, ತೋರಿಸುವ ವೆಚ್ಚ ಅವನದೇ. ನಮ್ಮ ಆ್ಯಪ್ ಹೂತವನಿಗೆ ಸುದ್ದಿ ಮುಟ್ಟಿಸುತ್ತದೆ. ಅವನು ಸ್ಥಳಕ್ಕೆ ಬಂದು ಗೆರೆ ಎಳೆಯುವುದು ಇಲ್ಲಿ ಇನ್ನೂ ರೂಢಿಯಾಗಿಲ್ಲ.

ಅಲ್ಲಿಯ ತನಕ ಟೆಂಡರಿನಲ್ಲೇ ದಾರಿ ಮಾಡಬಹುದು. ಟ್ರಯಲ್ ಪಿಟ್ಟಿಗೆ, ಲೊಕೇಟರ್ ಸಮೀಕ್ಷೆಗೆ, ಕೈಯಗೆತಕ್ಕೆ ಬೇರೆ ಬೇರೆ ಐಟಂ ಬರೆದು ಬೇರೆ ದರ ಇಟ್ಟರೆ ಹುಡುಕುವುದೂ ಬಿಲ್ ಆಗುವ ಕೆಲಸವಾಗುತ್ತದೆ. ಆಗ ಗುತ್ತಿಗೆದಾರನೇ ತರಬೇತಾದ ಹುಡುಗರನ್ನು ಹುಡುಕಿಕೊಂಡು ಬರುತ್ತಾನೆ. ಇದರಿಂದ ಕಾಮಗಾರಿಯ ವೆಚ್ಚ ಜಾಸ್ತಿ ಆಗುತ್ತದೆ ಎಂಬ ಆಕ್ಷೇಪ ಬರುತ್ತದೆ, ನಿಜವೇ. ಆದರೆ ಒಡೆದ ಪೈಪ್ ರಿಪೇರಿ, ಹಾಳಾದ ರಸ್ತೆ, ನಿಂತ ನೀರು ಇವುಗಳ ವೆಚ್ಚ ಈಗಲೂ ಯಾರೋ ಕೊಡುತ್ತಿದ್ದಾರೆ, ಬೇರೆ ಖಾತೆಯಲ್ಲಿ.

ತರಬೇತಿಯ ಹಣಕ್ಕೆ ಹೊಸ ನಿಧಿ ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಗಳ ಕಾಲದಿಂದಲೂ ಕಾಮಗಾರಿ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಸೂಲಾಗುತ್ತ ಬಂದಿದೆ, ರಾಜ್ಯದ ಕಲ್ಯಾಣ ಮಂಡಳಿಗೆ ಅದು ಸೇರುತ್ತದೆ. ಕಷ್ಟ ಇರುವುದು ಜನರನ್ನು ಹಿಡಿಯುವುದರಲ್ಲಿ. ಅಗೆಯುವ ತಂಡಗಳು ವಿಜಯಪುರ, ಕಲಬುರಗಿ ಕಡೆಯಿಂದ ಬರುತ್ತವೆ, ತೆಲಂಗಾಣದಿಂದ ಬರುತ್ತವೆ, ಫೈಬರ್ ಬೋರಿಂಗ್ ಯಂತ್ರದ ಹುಡುಗರು ಉತ್ತರ ಭಾರತದವರೂ ಇರುತ್ತಾರೆ. ಒಂದು ಊರಿನಲ್ಲಿ ಕೆಲವು ವಾರ ಇದ್ದು ಮುಂದೆ ಹೋಗುತ್ತಾರೆ. ಕನ್ನಡದ ಜೊತೆ ಮರಾಠಿ, ತೆಲುಗು, ಹಿಂದಿ, ಲಂಬಾಣಿ ಎಲ್ಲ ಬೇಕು. ಸಭಾಂಗಣಕ್ಕೆ ಕರೆದು ಪ್ರಮಾಣಪತ್ರ ಕೊಡುವ ಶಿಬಿರ ಇವರಿಗೆ ಆಗಿಬರುವುದಿಲ್ಲ. ಕೆಲಸದ ಜಾಗದಲ್ಲೇ, ಬೆಳಗ್ಗೆ ಯಂತ್ರ ಶುರುವಾಗುವ ಮೊದಲು, ಆ ದಿನ ಅಗೆಯುವ ರಸ್ತೆಯನ್ನೇ ತೋರಿಸಿ ಮಾಡುವ ಪಾಠ ಬೇಕು. ಮುಕಾದಮನಿಂದಲೇ ಶುರುವಾಗಲಿ. ತಂಡ ಕೇಳುವುದು ಅವನ ಮಾತು.

ಫೈಬರ್ ಬೋರಿಂಗ್ ಎಂದೆ. ಅದಕ್ಕೆ ಬೇರೆಯೇ ಪಾಠ ಬೇಕು. ರಸ್ತೆ ಸೀಳದೆ ಒಂದು ಕಡೆ ತಗ್ಗು ತೋಡಿ ಅಡ್ಡಲಾಗಿ ಕೊರೆದು ಇನ್ನೊಂದು ಕಡೆ ಬರುವ ಯಂತ್ರ ಅದು. ಮೇಲೆ ನಿಂತವರಿಗೆ ಏನೂ ಕಾಣುವುದಿಲ್ಲ. ಒಳಚರಂಡಿ ಪೈಪಿನೊಳಗೆ ತೂರಿ ಆಚೆ ಹೋದರೂ ತಿಳಿಯದೆ ಇರಬಹುದು, ಮುಂದೆಂದೋ ಚರಂಡಿ ಕಟ್ಟಿಕೊಂಡಾಗಷ್ಟೇ ಬಯಲಾಗುತ್ತದೆ. ಅಡ್ಡ ಬರುವ ಪ್ರತಿ ಲೈನನ್ನೂ ಟ್ರಯಲ್ ಪಿಟ್ಟಿನಲ್ಲಿ ತೆರೆದು ನೋಡದೆ ಬೋರಿಂಗಿಗೆ ಬಿಡಲೇಬಾರದು.

ಇನ್ನು ಕಾಮಗಾರಿ ಎಂದು ಯಾರೂ ಎಣಿಸದ ಅಗೆತವೂ ಇದೆ. ಗಣೇಶೋತ್ಸವಕ್ಕೆ ಬೆಳಗಾವಿಯ ಬೀದಿಗಳಲ್ಲಿ ಮಂಟಪಗಳು ಏಳುತ್ತವೆ, ರಸ್ತೆಯಲ್ಲೇ ಕಂಬ ನೆಡುತ್ತಾರೆ. ರಾಜ್ಯೋತ್ಸವಕ್ಕೆ ಕಮಾನುಗಳು. ಮಂಡಳದ ಹುಡುಗರು ಹಾರೆಯಿಂದ ಹೊಡೆಯುವ ಆ ತಗ್ಗು ಒಂದೆರಡು ಅಡಿಯಷ್ಟೇ. ಆದರೆ ಗಟಾರಿನ ಮೇಲೆ ಮಲಗಿಸಿದ ಕೇಬಲ್ ಎಂದೆನಲ್ಲ, ಅದು ಇರುವುದೂ ಅಷ್ಟೇ ಆಳದಲ್ಲಿ. ಇದಕ್ಕೆ ದೊಡ್ಡ ತರಬೇತಿ ಬೇಡ. ಮಂಟಪಕ್ಕೆ ಅನುಮತಿ ಪಡೆಯಲು ಮಂಡಳದವರು ಹೇಗೂ ಬರುತ್ತಾರೆ. ಆಗಲೇ ಹೆಸ್ಕಾಂ ಲೈನ್‌ಮನ್ ಮತ್ತು ವಾರ್ಡಿನ ವಾಲ್ವ್‌ಮನ್ ಬಂದು ಕಂಬದ ಜಾಗಕ್ಕೆ ಸುಣ್ಣದ ಗುರುತು ಹಾಕಿದ ಮೇಲೆಯೇ ನೆಡಬೇಕು ಎಂದು ಷರತ್ತು ಹಾಕಬಹುದು. ಮರಳಿನ ಡ್ರಮ್ಮಿನಲ್ಲಿ ಕಂಬ ನಿಲ್ಲಿಸಿದರೆ ಅಗೆತವೇ ಬೇಕಾಗಿಲ್ಲ. ರಸ್ತೆ ಅಗೆತದ ಅನುಮತಿ ಕೊಡುವ ಪಾಲಿಕೆಯೂ ಇದೇ ರೀತಿ ಮೂರು ವಿಷಯ ಕೇಳಬಹುದು: ಆ್ಯಪ್‌ನಲ್ಲಿ ಕೋರಿಕೆ ಹಾಕಿದ ಸಂಖ್ಯೆ, ಟ್ರಯಲ್ ಪಿಟ್ಟಿನ ಫೋಟೊ, ಮುಕಾದಮ ಮತ್ತು ಆಪರೇಟರ್ ತರಬೇತಿ ಪಡೆದ ಚೀಟಿ. ಇವು ಇಲ್ಲದಿದ್ದರೆ ಅನುಮತಿ ಇಲ್ಲ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಅನುಮತಿ ಪತ್ರದಲ್ಲಿ ಮೂರು ಸಾಲು ಸೇರಿಸಿದರೆ ಆಯಿತು.